ಗಾಜಿಗೆ ಚಿತ್ರ ಕೂರಿಸುವವರು

ಟಿವಿ ರಿಪೇರಿ ಅಂಗಡಿಗೆ ಬರುವ ದೂರುಗಳಲ್ಲಿ ಎರಡೇ ಕುಲ. ಒಂದು, ‘ಚಿತ್ರವೇ ಬರ್ತಿಲ್ಲ.’ ಇನ್ನೊಂದು, ‘ಚಿತ್ರ ಬರ್ತಿದೆ, ಆದ್ರೆ ಸರಿಯಾಗಿ ಕೂತಿಲ್ಲ.’ ಮೊದಲನೆಯದು ಸುಲಭ. ಏನೋ ಒಂದು ಸುಟ್ಟಿರುತ್ತದೆ, ಮೀಟರ್ ಹಿಡಿದು ಹುಡುಕಿದರೆ ಸಿಗುತ್ತದೆ, ಬದಲಾಯಿಸಿದರೆ ಮುಗಿಯಿತು. ಎರಡನೆಯದರಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಚಿತ್ರ ಕಳಿಸುವ ಪೆಟ್ಟಿಗೆ ನೆಟ್ಟಗಿದೆ, ತೋರಿಸುವ ಗಾಜೂ ನೆಟ್ಟಗಿದೆ. ಒಂದರ ಅಳತೆ ಇನ್ನೊಂದಕ್ಕೆ ಗೊತ್ತಿಲ್ಲ, ಅಷ್ಟೆ. ಮದುವೆ ದಲ್ಲಾಳಿಯ ಹಾಗೆ ನಡುವೆ ಕೂತು ಇಬ್ಬರನ್ನೂ ಒಪ್ಪಿಸಬೇಕು. ಮೆಕ್ಯಾನಿಕ್‌ನ ಕೈ ಪಳಗುವುದು ಈ ಎರಡನೇ ಕುಲದಲ್ಲೇ.

ಈಗ ಈ ದೂರು ನನ್ನ ವಿಜಯನಗರದ ಅಂಗಡಿಗೆ ಬರುವುದು ಅಂಗೈಯಗಲದ ಒಂದು ಬೋರ್ಡಿನ ಜೊತೆ. ರಾಸ್ಪ್‌ಬೆರಿ ಪೈ ಅಂತ ಅದರ ಹೆಸರು. ಮೈಸೂರು ರಸ್ತೆಯ ಉದ್ದಕ್ಕೂ ಕೆಂಗೇರಿ ದಾಟುವವರೆಗೆ ಇರುವ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ಮೆಟ್ರೋ ಇಳಿದು ಬ್ಯಾಗಿನಿಂದ ಅದನ್ನು ತೆಗೆಯುತ್ತಾರೆ. ‘ಅಂಕಲ್, ಸುತ್ತ ಕಪ್ಪು ಬಾರ್ಡರ್ ಬರ್ತಿದೆ.’ ‘ಅಂಕಲ್, ಅಕ್ಷರ ಮಂಜುಮಂಜು.’ ‘ಅಂಕಲ್, ಓಕೆ ಬಟನ್ನೇ ಸ್ಕ್ರೀನ್ ಕೆಳಗೆ ಹೊರಟೋಗಿದೆ.’ ಹುಡುಗರು ಇದನ್ನು ಹೊಸ ಕಾಯಿಲೆ ಅಂದುಕೊಂಡಿದ್ದಾರೆ. ಈ ಕಾಯಿಲೆಗೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ನಲವತ್ತು ವರ್ಷ ಮೀರಿದ ಇತಿಹಾಸವಿದೆ, ಮತ್ತು ಮದ್ದು ಹೆಚ್ಚುಕಡಿಮೆ ಅದೇ.

ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಗೋಪಾಲಾಚಾರಿಯವರ ಹೆಸರಿಟ್ಟು ಬ್ಲಾಕ್ ಬ್ಲಾಕಾಗಿ ಎಬ್ಬಿಸಿದ ಬಡಾವಣೆ. ಒಂದು ಬೀದಿಯಲ್ಲಿ ಮನೆಗಳು, ಮುಂದಿನ ಬೀದಿಯಲ್ಲಿ ಶೆಡ್ಡುಗಳು. ಇಂಡಸ್ಟ್ರಿಯಲ್ ಎಸ್ಟೇಟು, ಇಂಡಸ್ಟ್ರಿಯಲ್ ಟೌನು, ಅದರಾಚೆ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ. ಎಲ್ಲಿ ನೋಡಿದರೂ ಲೇತು, ಪವರ್ ಪ್ರೆಸ್ಸು, ಪ್ಲೇಟಿಂಗು. ಉತ್ತರಕ್ಕೆ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಬಿಇಎಲ್. ಟಿವಿ ಊರಿಗೆ ಬರುವ ಕಾಲಕ್ಕೆ ಕಪ್ಪು-ಬಿಳುಪು ಸೆಟ್ಟಿನ ಪಿಕ್ಚರ್ ಟ್ಯೂಬನ್ನು ಅಲ್ಲೇ ಮಾಡುತ್ತಿದ್ದರು. ಹಾಗಾಗಿ ನಮ್ಮ ಕಡೆ ಸೋಲ್ಡರಿಂಗ್ ಕಡ್ಡಿ ಹಿಡಿಯಲು ಬರುವವರಿಗೆ ಯಾವತ್ತೂ ಬರ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಹಗಲು ಶಿಫ್ಟು ಮುಗಿಸಿ ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ ಬಿಚ್ಚುವವರು ಪ್ರತಿ ಮೇನ್ ರೋಡಿನಲ್ಲೂ ಒಬ್ಬಿಬ್ಬರು ಇದ್ದರು. ನನಗೆ ಕೆಲಸ ಕಲಿಸಿದವರೂ ಅಂಥವರೇ. ನಾವೆಲ್ಲ ಮೇಷ್ಟ್ರು ಅಂತಿದ್ದೆವು, ಪಾಠ ಮಾಡಿದವರಲ್ಲ.

ಕರ್ನಾಟಕಕ್ಕೆ ಟಿವಿ ಮೊದಲು ಬಂದದ್ದು ಬೆಂಗಳೂರಿಗಲ್ಲ ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು, ಬೆಂಗಳೂರಿನವರಿಗೆ ಇದು ನೆನಪಿರುವುದಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಅನ್ನುವ ಉಪಗ್ರಹ ಪ್ರಯೋಗ ನಡೆಯಿತು. ಆರು ರಾಜ್ಯಗಳ 2400 ಹಳ್ಳಿಗಳಲ್ಲಿ ಸಮುದಾಯ ಟಿವಿ ಇಟ್ಟರು, ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಹಳ್ಳಿಗಳಿಗೆ ಬಂತು. ರಾಜಧಾನಿ 1981ರವರೆಗೆ ಕಾಯಿತು. ಮರುವರ್ಷ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣ ಬಂತು. ಟಿವಿ ಇಟ್ಟವರು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟುತ್ತಿದ್ದ ಕಾಲ ಅದು. ಮರದ ಕ್ಯಾಬಿನೆಟ್ಟು, ಮುಂದೆ ಸರಿಸುವ ಬಾಗಿಲು, ಬಾಗಿಲಿಗೊಂದು ಬೀಗ.

ದೂರದರ್ಶನ ಕಳಿಸುತ್ತಿದ್ದ ಚಿತ್ರಕ್ಕೆ 625 ಗೆರೆ. ಅದರಲ್ಲಿ ಕಣ್ಣಿಗೆ ಬೀಳಬೇಕಾದವು ಐನೂರ ಎಪ್ಪತ್ತೈದರ ಆಸುಪಾಸು, ಉಳಿದದ್ದು ಟ್ಯೂಬಿನ ಕಿರಣ ಕೆಳಗಿಂದ ಮತ್ತೆ ಮೇಲಕ್ಕೆ ಬರಲು ಬೇಕಾದ ಬಿಡುವು. ಸೆಕೆಂಡಿಗೆ 25 ಪೂರ್ತಿ ಚಿತ್ರ. ಗುಣಿಸಿ ನೋಡಿ, ಸೆಕೆಂಡಿಗೆ 15,625 ಗೆರೆ. ಟಿವಿ ಹಾಕಿದ ಕೂಡಲೇ ಕೇಳುತ್ತಿದ್ದ ಸಣ್ಣ ಕೀರಲು ಸದ್ದು ಈ ಲೆಕ್ಕದ್ದೇ. ಮಕ್ಕಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಅಜ್ಜಂದಿರಿಗೆ ಕೇಳುತ್ತಿರಲಿಲ್ಲ. ಸೆಟ್ಟು ಈ ಗೆರೆಗಳ ತಾಳಕ್ಕೆ ತನ್ನ ತಾಳ ಸೇರಿಸಬೇಕು. ಅಡ್ಡ ತಾಳ ತಪ್ಪಿದರೆ ಚಿತ್ರ ಓರೆ ಪಟ್ಟೆಗಳಾಗಿ ಹರಿದುಹೋಗುತ್ತಿತ್ತು, ಉದ್ದ ತಾಳ ತಪ್ಪಿದರೆ ಕೆಳಗಿಂದ ಮೇಲಕ್ಕೆ ಉರುಳುತ್ತಿತ್ತು. ‘ರೋಲಿಂಗ್ ಆಗ್ತಿದೆ ಅಣ್ಣ’ ಅಂತ ಬರುತ್ತಿದ್ದರು. ಹಿಂದುಗಡೆ ವಿ-ಹೋಲ್ಡ್ ಅಂತ ಒಂದು ಪ್ರೀಸೆಟ್ ಇರುತ್ತಿತ್ತು, ಸಣ್ಣ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದರೆ ನಿಲ್ಲುತ್ತಿತ್ತು. ಆದರೆ ಪ್ರೀಸೆಟ್ ಇರುವುದು ಹಿಂದೆ, ಚಿತ್ರ ಇರುವುದು ಮುಂದೆ. ಅದಕ್ಕೇ ನಮ್ಮ ಚೀಲದಲ್ಲಿ ಮೀಟರ್, ಕಡ್ಡಿ, ಸೀಸದ ಜೊತೆ ಒಂದು ಕ್ಷೌರದ ಕನ್ನಡಿ ಇರುತ್ತಿತ್ತು. ಟಿವಿಯ ಎದುರು ಕುರ್ಚಿಯ ಮೇಲೆ ಅದನ್ನು ನಿಲ್ಲಿಸಿ, ಹಿಂದೆ ಕೂತು, ಕನ್ನಡಿಯಲ್ಲಿ ನೋಡುತ್ತ ತಿರುಗಿಸುವುದು. ಅಕ್ಷರವೆಲ್ಲ ತಿರುವುಮುರುವಾಗಿ ಕಂಡರೂ ಅಳತೆಗೆ ಅದು ಸಾಕು. ಕನ್ನಡಿ ಮರೆತು ಹೋದ ದಿನ ಮನೆಯ ಹುಡುಗನನ್ನು ಮುಂದೆ ನಿಲ್ಲಿಸಿ ‘ಬಂತಾ? ಹೋಯ್ತಾ?’ ಅಂತ ಕೂಗುವುದು.

ಮೇಲೆ ಹೇಳಿದ ಲೇತುಗಳ ಕಥೆ ಈಗ ಒಳಗೆ ಬರುತ್ತದೆ. ಮೋಟಾರ್ ಓಡುವ ಏರಿಯಾದಲ್ಲಿ ವೋಲ್ಟೇಜ್ ನಿಲ್ಲುವುದಿಲ್ಲ. ಸಂಜೆ ಶೆಡ್ಡುಗಳೂ ಓಡುತ್ತ, ಮನೆಗಳ ದೀಪವೂ ಹತ್ತಿದರೆ ಕೆಇಬಿಯ 230 ವೋಲ್ಟು ಎಲ್ಲೆಲ್ಲೋ ಇಳಿಯುತ್ತಿತ್ತು. ಹಳೆಯ ಸೆಟ್ಟುಗಳಲ್ಲಿ ವೋಲ್ಟೇಜ್ ಇಳಿದರೆ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಸರಿಯುತ್ತದೆ, ಸುತ್ತ ಕಪ್ಪು ಅಂಚು ನಿಲ್ಲುತ್ತದೆ. ವಾರ್ತೆ ಓದುವವರು ಕಿರಿದಾಗಿಬಿಡುತ್ತಿದ್ದರು. ಇದು ಪ್ರಪಂಚದ ಎಲ್ಲ ಊರಿನ ಟಿವಿಯವರಿಗೂ ಗೊತ್ತಿದ್ದ ಸಂಗತಿ. ಟ್ಯೂಬು ಹಳೆಯದಾದಂತೆ, ಬಿಡಿಭಾಗ ಬಿಸಿಯಾದಂತೆ ಅಳತೆ ಅಲ್ಲಾಡುತ್ತದೆ. ಅದಕ್ಕಾಗಿ ಸೆಟ್ಟು ಮಾಡುವವರು ಒಂದು ಉಪಾಯ ಇಟ್ಟುಕೊಂಡಿದ್ದರು. ಚಿತ್ರವನ್ನು ಗಾಜಿಗಿಂತ ಚೂರು ದೊಡ್ಡದಾಗಿಯೇ ಎಳೆದುಬಿಡುವುದು, ಅಂಚುಗಳು ಚೌಕಟ್ಟಿನ ಹಿಂದೆ ಅಡಗಿಕೊಳ್ಳಲಿ ಅಂತ. ಇದೇ ಓವರ್‌ಸ್ಕ್ಯಾನ್. ಅದು ಸ್ಟುಡಿಯೋದವರಿಗೂ ಗೊತ್ತಿದ್ದುದರಿಂದ ಹೆಸರು, ಶೀರ್ಷಿಕೆಗಳನ್ನೆಲ್ಲ ಅಂಚಿನಿಂದ ದೂರ ಇಡುತ್ತಿದ್ದರು. ಕಳಿಸುವವನೂ ತೋರಿಸುವವನೂ ಮಾತಾಡಿಕೊಳ್ಳದೆ ಮಾಡಿಕೊಂಡ ಒಪ್ಪಂದ. ಮೂವತ್ತು ವರ್ಷದ ಮೇಲೆ ಈ ಒಪ್ಪಂದವೇ ಕಾಲೇಜು ಹುಡುಗರ ತಲೆ ಕೆಡಿಸುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು.

ನಮ್ಮ ಕಡೆ ಸ್ಟೆಬಿಲೈಸರ್ ಇಲ್ಲದೆ ಟಿವಿ ಮಾರುವಂತೆಯೇ ಇರಲಿಲ್ಲ. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾದ ಮೇಲಂತೂ ಶನಿವಾರ ರಾತ್ರಿಯವರೆಗೂ ಕೆಲಸ. ಹಿಂದಿನ ಮುಚ್ಚಳ ಬಿಚ್ಚಿ, ಧೂಳು ಊದಿ, ವಿ-ಸೈಜು, ಎಚ್-ಸೈಜು ಹೊಂದಿಸಿಕೊಟ್ಟರೆ ಮರುಮಾತಿಲ್ಲದೆ ದುಡ್ಡು ಕೊಡುತ್ತಿದ್ದರು. ಮೇಲೆ ಕಾಫಿ.

ಒಂದೇ ಬೋರ್ಡಿನ ಕಂಪ್ಯೂಟರೂ ನಮ್ಮ ಏರಿಯಾಕ್ಕೆ 2012ರಲ್ಲಿ ಪೈ ಜೊತೆ ಬಂದ ಹೊಸಬನಲ್ಲ. ರಾಜಾಜಿನಗರಕ್ಕೆ ಅಂಟಿಕೊಂಡ ಸುಬ್ರಹ್ಮಣ್ಯನಗರದ ಒಂದನೇ ಮುಖ್ಯರಸ್ತೆಯಲ್ಲಿ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್ ಅಂತ ಒಂದು ಕಂಪನಿ. ಇಎಸ್‌ಎ ಅಂದರೆ ಕರ್ನಾಟಕದಲ್ಲಿ ಡಿಪ್ಲೊಮಾ, ಇಂಜಿನಿಯರಿಂಗ್ ಓದಿದ ಎಲೆಕ್ಟ್ರಾನಿಕ್ಸ್‌ನವರ ಮುಖ ಅರಳುತ್ತದೆ, ಇಲ್ಲವೇ ಬಾಡುತ್ತದೆ. ಮೈಕ್ರೋಪ್ರೊಸೆಸರ್ ಲ್ಯಾಬಿನ ಮೇಜಿನ ಮೇಲೆ ಇರುತ್ತಿದ್ದ ಕಿಟ್ಟು ಅವರದ್ದು. ಒಂದೇ ಹಲಗೆಯ ಮೇಲೆ ಪ್ರೊಸೆಸರ್, ಮೆಮೊರಿ, ಕೀಲಿಗಳು, ಎಲ್ಲ. ಮೊದಲು ಇಂಟೆಲ್ 1976ರಲ್ಲಿ ತಂದ 8085, ಆಮೇಲೆ 8086. 8085 ಕಿಟ್ಟಿನ ಪರದೆ ಅಂದರೆ ಆರು ಕೆಂಪು ಅಂಕಿಗಳು. ನಾಲ್ಕು ವಿಳಾಸಕ್ಕೆ, ಎರಡು ಡೇಟಾಕ್ಕೆ. ರೆಸಲ್ಯೂಷನ್ ಅನ್ನುವ ಮಾತೇ ಇಲ್ಲ. ಆ ಆರರಲ್ಲಿ ಒಂದು ಹೊತ್ತಿಗೆ ಹೊತ್ತುತ್ತಿದ್ದದ್ದು ಒಂದೇ ಅಂಕಿ. 8279 ಅನ್ನುವ ಚಿಪ್ಪು ಅವನ್ನು ಒಂದಾದ ಮೇಲೊಂದರಂತೆ ಎಷ್ಟು ಬೇಗ ಹೊತ್ತಿಸಿ ಆರಿಸುತ್ತಿತ್ತೆಂದರೆ ಕಣ್ಣಿಗೆ ಆರೂ ಉರಿದ ಹಾಗೆ ಕಾಣುತ್ತಿತ್ತು. ಟಿವಿಯ ಕಿರಣ ಮಾಡುತ್ತಿದ್ದದ್ದೂ ಅದನ್ನೇ. ಮೇಷ್ಟ್ರು ಒಮ್ಮೆ ಇದನ್ನು ತೋರಿಸಿ, ‘ನೋಡೋ, ಎಲ್ಲಾ ಕಣ್ಕಟ್ಟು’ ಅಂದಿದ್ದರು. ಸಂಜೆ ಕಾಲೇಜಿನ ಹುಡುಗನಾಗಿದ್ದ ನನಗೆ ಎರಡು ಅಧ್ಯಾಯ ಒಟ್ಟಿಗೆ ಅರ್ಥವಾಗಿದ್ದು ಆ ಮಾತಿನಿಂದ.

1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆ ತಂದು ದೇಶದ ಇನ್ನೂರೈವತ್ತರಷ್ಟು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯದ್ದು. ಮಾನಿಟರ್ ಇಲ್ಲದಿದ್ದರೆ ಟಿವಿಗೇ ಹಾಕಬಹುದಾದ ಯಂತ್ರ. ಅದನ್ನು ಮಾಡಿದ ಏಕಾರ್ನ್ ಮುಂದೆ 1985ರಲ್ಲಿ ಎಆರ್‌ಎಂ ಅನ್ನುವ ಪ್ರೊಸೆಸರ್ ಮಾಡಿತು, ಇವತ್ತು ನಿಮ್ಮ ಜೇಬಿನ ಫೋನಿನಲ್ಲಿರುವುದೂ ಆ ವಂಶದ್ದೇ. ಕೇಂಬ್ರಿಜ್ ಹೆಸರು ಮತ್ತೆ ಬರುತ್ತದೆ.

ತೊಂಬತ್ತರ ದಶಕದಲ್ಲಿ ಬಸವೇಶ್ವರನಗರ, ವಿಜಯನಗರದಲ್ಲಿ ಕಂಪ್ಯೂಟರ್ ಸೆಂಟರುಗಳೂ ಡಿಟಿಪಿ ಅಂಗಡಿಗಳೂ ಎದ್ದವು. ಲಗ್ನಪತ್ರಿಕೆ, ಗಣೇಶೋತ್ಸವದ ರಸೀದಿ ಪುಸ್ತಕ, ಸಂಘದ ವರದಿ. ಟಿವಿ ಮೆಕ್ಯಾನಿಕ್‌ಗಳಾದ ನಮ್ಮನ್ನೇ ಮಾನಿಟರ್ ನೋಡಲೂ ಕರೆಯುತ್ತಿದ್ದರು, ಟ್ಯೂಬ್ ಇದ್ದ ಮೇಲೆ ಎರಡೂ ಒಂದೇ ಅಂತ ಅವರ ಲೆಕ್ಕ. ಒಂದೇ ಅಲ್ಲ. ಟಿವಿಗೆ ಗೊತ್ತಿದ್ದದ್ದು ಒಂದೇ ತಾಳ. ಐಬಿಎಂ 1987ರಲ್ಲಿ ತಂದ ವಿಜಿಎಗೆ ಅದರ ಎರಡರಷ್ಟು ಬೇಗದ ತಾಳ, 640 ಅಡ್ಡ, 480 ಉದ್ದ. ಮುಂದೆ 800ಕ್ಕೆ 600, 1024ಕ್ಕೆ 768 ಅಂತ ಏರುತ್ತ ಹೋಯಿತು. ಕಂಪ್ಯೂಟರಿನವನು ಯಾವ ತಾಳ ಹಿಡಿಯುತ್ತಾನೋ ಮಾನಿಟರಿಗೆ ಗೊತ್ತಿಲ್ಲ. ಯಾರೋ ಹುಡುಗ ಸೆಟಿಂಗಿನಲ್ಲಿ ಕೈಯಾಡಿಸಿ ಜಾಸ್ತಿ ರೆಸಲ್ಯೂಷನ್ ಇಟ್ಟರೆ ಪರದೆ ಕಪ್ಪು, ಒಳಗಿಂದ ಕಿರ್ ಅನ್ನುವ ಸದ್ದು, ಮಾಲೀಕರಿಗೆ ಎದೆ ಡವಡವ. ಎಫ್8 ಒತ್ತಿ ಸೇಫ್ ಮೋಡಿಗೆ ಹೋಗಿ 640ಕ್ಕೆ ಇಳಿಸಿಕೊಟ್ಟರೆ ನಮಗೆ ಭಾರಿ ಮರ್ಯಾದೆ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ಕಷ್ಟ ಇತ್ತು, ಇಂಗ್ಲಿಷ್ ಟೈಪ್ ಮಾಡುವವರಿಗೆ ಇಲ್ಲದ್ದು. ನಮ್ಮ ಅಕ್ಷರಕ್ಕೆ ತಲೆಕಟ್ಟು, ಕೊಂಬು, ಕೆಳಗೆ ಒತ್ತು. ‘ಸ್ತ್ರೀ’ ಅಂತ ಬರೆಯಲು ಒಂದೇ ಸಾಲಿನಲ್ಲಿ ಮೂರು ಅಂತಸ್ತು ಬೇಕು. 640ರ ಪರದೆಯಲ್ಲಿ ಒತ್ತಕ್ಷರ ಎರಡು ಮೂರು ಚುಕ್ಕೆಗಳ ಮುದ್ದೆಯಾಗುತ್ತಿತ್ತು. ತ ಒತ್ತೋ ನ ಒತ್ತೋ ಗೊತ್ತಾಗದೆ ಪ್ರೂಫ್ ನೋಡುವವರು ಪ್ರಿಂಟ್ ತೆಗೆದೇ ಓದುತ್ತಿದ್ದರು. ಡಿಟಿಪಿ ಅಂಗಡಿಯ ಹೆಣ್ಣುಮಕ್ಕಳು ‘ಸಾರ್, ಇನ್ನೂ ಸ್ವಲ್ಪ ಶಾರ್ಪ್ ಮಾಡ್ಕೊಡಿ’ ಅಂತ ಕೇಳುತ್ತಿದ್ದದ್ದು ಫೋಕಸ್ ಪ್ರೀಸೆಟ್‌ನಿಂದ ಬಗೆಹರಿಯುವ ಕೇಳಿಕೆ ಆಗಿರಲಿಲ್ಲ.

ಕಂಪ್ಯೂಟರಿಗೂ ಮಾನಿಟರಿಗೂ ಇದ್ದ ತಾಳದ ಜಗಳಕ್ಕೆ ಕೊನೆಗೂ ಒಂದು ರಾಜಿಸೂತ್ರ ಬಂದದ್ದು 1994ರಲ್ಲಿ. ವೀಸಾ ಅನ್ನುವ, ಪಾಸ್‌ಪೋರ್ಟಿಗೆ ಸಂಬಂಧವಿಲ್ಲದ, ಮಾನಿಟರು, ವಿಡಿಯೋ ಕಾರ್ಡು ಮಾಡುವವರ ಒಕ್ಕೂಟವೊಂದು ಇಡಿಐಡಿ ಅನ್ನುವ ಪದ್ಧತಿ ತಂದಿತು. ಮಾನಿಟರಿನೊಳಗೆ ಒಂದು ಸಣ್ಣ ಚಿಪ್ಪು. ಅದರಲ್ಲಿ 128 ಬೈಟಿನ ಜಾತಕ. ತಯಾರಿಸಿದವರು ಯಾರು, ಯಾವ ವರ್ಷದ್ದು, ಯಾವ ಯಾವ ಅಳತೆ ಒಪ್ಪುತ್ತದೆ, ಎಲ್ಲ. ಕಂಪ್ಯೂಟರು ಹತ್ತಿದ ಕೂಡಲೇ ಅದನ್ನು ಓದಿ, ಒಪ್ಪುವ ಅಳತೆಯನ್ನೇ ಕಳಿಸುತ್ತದೆ. ವಿಜಿಎ ಕೇಬಲ್ಲಿನ ಹದಿನೈದು ಪಿನ್ನುಗಳಲ್ಲಿ 12 ಮತ್ತು 15 ಈ ಮಾತುಕತೆಗೆ. ನಮ್ಮ ಎಸ್‌ಪಿ ರಸ್ತೆಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಕೆಲವಕ್ಕೆ ಆ ಎರಡು ತಂತಿ ಎಳೆದೇ ಇರುವುದಿಲ್ಲ. ಬಣ್ಣ ಬರುತ್ತದೆ, ಚಿತ್ರ ಬರುತ್ತದೆ, ಅಳತೆ ಮಾತ್ರ ಬರುವುದಿಲ್ಲ. ಇವತ್ತಿಗೂ ಯಾರಾದರೂ ವಿಜಿಎ ಮಾನಿಟರ್ ತಂದು ರೆಸಲ್ಯೂಷನ್ ಏರುತ್ತಿಲ್ಲ ಅಂದರೆ ನಾನು ಮೊದಲು ಕೇಬಲ್ಲಿಗೆ ಮೀಟರ್ ಹಿಡಿದು ಆ ಎರಡು ಪಿನ್ನು ನೋಡುತ್ತೇನೆ.

ಇದೇ ಊರಿನಲ್ಲಿ ಪೈಗಿಂತ ಹತ್ತು ವರ್ಷ ಮೊದಲೇ ಅಗ್ಗದ ಕಂಪ್ಯೂಟರಿನ ಕನಸು ಕಂಡವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಟ್ರಸ್ಟ್ ಕಟ್ಟಿ 2001ರ ಏಪ್ರಿಲ್‌ನಲ್ಲಿ ಸಿಂಪ್ಯೂಟರ್ ಹೊರತಂದರು. ಕೈಯಲ್ಲಿ ಹಿಡಿಯುವ ಯಂತ್ರ, ಎಆರ್‌ಎಂ ಜಾತಿಯದೇ ಪ್ರೊಸೆಸರ್, ಲಿನಕ್ಸ್, ಓದಲು ಬಾರದವರಿಗೂ ಆಗಲಿ ಅಂತ ಕನ್ನಡ ಮಾತಾಡುವ ವ್ಯವಸ್ಥೆ. ಪರದೆ 320ಕ್ಕೆ 240, ಕಪ್ಪು-ಬಿಳುಪು. 2004ರ ಮಾರ್ಚ್‌ನಲ್ಲಿ ಜಾಲಹಳ್ಳಿಯ ಬಿಇಎಲ್, ಪಿಕೋಪೀಟ ಕಂಪನಿಯ ಜೊತೆ ಸೇರಿ ಅಮಿಡ ಅಂತ ಅದನ್ನು ಮಾರಾಟಕ್ಕಿಟ್ಟಿತು. ಹತ್ತು ಸಾವಿರದೊಳಗೆ ಶುರು, ಬಣ್ಣದ್ದಕ್ಕೆ ಇಪ್ಪತ್ತರ ಹತ್ತಿರ. ಯಂತ್ರ ಓರೆ ಮಾಡಿದರೆ ಅದು ಗೊತ್ತುಹಚ್ಚುವ ಸೆನ್ಸರ್ ಕೂಡ ಅದರಲ್ಲಿತ್ತು, ಫೋನುಗಳಲ್ಲಿ ಇದು ಮಾಮೂಲಾಗುವುದಕ್ಕೆ ಎಷ್ಟೋ ಮೊದಲು. ಮಾರಾಟವಾದದ್ದು ಕೆಲವೇ ಸಾವಿರ.

ಸಿಂಪ್ಯೂಟರ್ ಯಾಕೆ ಓಡಲಿಲ್ಲ ಅಂತ ದೊಡ್ಡವರು ಬೇಕಾದಷ್ಟು ಬರೆದಿದ್ದಾರೆ. ಮೊಬೈಲ್ ಬಂತು, ಸರ್ಕಾರ ಕೊಳ್ಳಲಿಲ್ಲ, ಬೆಲೆ ಹೆಚ್ಚಾಯಿತು. ಮೆಕ್ಯಾನಿಕ್‌ನ ಕಣ್ಣಿಗೆ ಕಾಣುವ ಕಾರಣ ಬೇರೆ. ಅದು ತನ್ನ ಗಾಜನ್ನು ತಾನೇ ಹೊತ್ತುಕೊಂಡು ಬಂತು. ಗಾಜಿನ ಖರ್ಚೂ ಅದರ ತಲೆ ಮೇಲೇ ಬಿತ್ತು, ಕನ್ನಡದ ಒತ್ತಕ್ಷರಕ್ಕೆ ಸಾಲದ 240 ಗೆರೆಗಳ ಗಾಜು. ಹತ್ತು ವರ್ಷದ ಮೇಲೆ ಪೈ ಮಾಡಿದ ಕೇಂಬ್ರಿಜ್‌ನವರು ಗಾಜಿನ ಗೊಡವೆಯನ್ನೇ ಬಿಟ್ಟುಬಿಟ್ಟರು. ನಿನ್ನ ಮನೆಯಲ್ಲಿ ಟಿವಿ ಇದೆಯಲ್ಲ, ಅದಕ್ಕೆ ಚುಚ್ಚಿಕೋ ಅಂದರು. ಬೆಲೆ ಇಳಿದದ್ದು ಅಲ್ಲೇ, ನನ್ನ ಅಂಗಡಿಗೆ ಗಿರಾಕಿ ಬಂದದ್ದೂ ಅಲ್ಲೇ.

ಅಷ್ಟರೊಳಗೆ ಟ್ಯೂಬುಗಳು ಹೋಗಿ ಚಪ್ಪಟೆ ಪರದೆ ಬಂದಿದ್ದವು. 2013ರ ಮಾರ್ಚ್‌ಗೆ ಬೆಂಗಳೂರಿನ ಕೇಬಲ್ ಡಿಜಿಟಲ್ ಆಗಬೇಕೆಂದು ಸರ್ಕಾರ ಗಡುವು ಕೊಟ್ಟಿತ್ತು, ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂತು. ನಾಲ್ಕಕ್ಕೆ ಮೂರರ ಹಳೆಯ ಚಿತ್ರವನ್ನು ಹದಿನಾರಕ್ಕೆ ಒಂಬತ್ತರ ಹೊಸ ಗಾಜು ಎರಡೂ ಕಡೆ ಎಳೆಯಿತು. ಮಧ್ಯಾಹ್ನದ ಹಳೆಯ ಸಿನಿಮಾದಲ್ಲಿ ರಾಜ್‌ಕುಮಾರ್ ದಪ್ಪಗಾದರು. ಡಾ. ರಾಜ್‌ಕುಮಾರ್ ರಸ್ತೆ ಇರುವ ರಾಜಾಜಿನಗರದಲ್ಲಿ ಇದು ಸಣ್ಣ ದೂರಲ್ಲ. ‘ಅಣ್ಣಾವ್ರನ್ನ ನೆಟ್ಟಗೆ ಮಾಡ್ಕೊಡಪ್ಪ’ ಅಂತ ಬಂದ ಹಿರಿಯರೊಬ್ಬರಿಗೆ ರಿಮೋಟಿನಲ್ಲಿ ಅಳತೆ ಬದಲಿಸಿಕೊಟ್ಟರೆ, ಎರಡೂ ಪಕ್ಕ ಕಪ್ಪು ಪಟ್ಟಿ ಬಂತಲ್ಲ, ಅಷ್ಟು ಜಾಗಕ್ಕೆ ಕೊಟ್ಟ ದುಡ್ಡು ದಂಡ ಅಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲ ಅನ್ನಲಾರೆ.

ಈ ಚಪ್ಪಟೆ ಪರದೆಗಳ ಕಾಲದಲ್ಲೇ ನಮ್ಮ ಕೈಗೆ ವಿ59 ತರದ ಚೀನಾ ಯೂನಿವರ್ಸಲ್ ಬೋರ್ಡುಗಳು ಬಂದವು. ಕೆಟ್ಟ ಟಿವಿಯ ಬೋರ್ಡ್ ತೆಗೆದು ಇದನ್ನು ಹಾಕುವುದು. ಪ್ಯಾನೆಲಿನ ಹಿಂದಿನ ಚೀಟಿ ಓದಿ, ಅದು 1366ಕ್ಕೆ 768ರದ್ದೋ 1920ಕ್ಕೆ 1080ರದ್ದೋ ತಿಳಿದು, ಅದಕ್ಕೆ ತಕ್ಕ ಫೈಲನ್ನು ಪೆನ್‌ಡ್ರೈವಿನಿಂದ ತುಂಬಬೇಕು. ಪ್ಯಾನೆಲ್ ಎಷ್ಟು ವೋಲ್ಟಿನದು ನೋಡಿ ಜಂಪರ್ ಇಡಬೇಕು. ತಪ್ಪು ಫೈಲ್ ತುಂಬಿದರೆ ಚಿತ್ರ ಒಡೆದು ಎರಡಾಗುತ್ತದೆ, ಬಣ್ಣ ನೆಗೆಟಿವ್ ಆಗುತ್ತದೆ. ಸ್ಕ್ರೂಡ್ರೈವರಿನ ಕೆಲಸ ಫೈಲಿನ ಕೆಲಸವಾದದ್ದು ನಮಗೆ ಹೀಗೆ, ಪೈ ಬರುವ ಆಸುಪಾಸಿನಲ್ಲೇ. ಬೋರ್ಡ್ ಬದಲಿಸಿ ಪಳಗಿದ ಯಾವ ಟಿವಿ ಮೆಕ್ಯಾನಿಕ್‌ನನ್ನೂ ಪೈ ಹೆದರಿಸಲಿಲ್ಲ.

ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು, 35 ಡಾಲರಿಗೆ. ಎಬೆನ್ ಅಪ್ಟನ್ ಮತ್ತು ಕೇಂಬ್ರಿಜ್‌ನ ಗೆಳೆಯರಿಗೆ ಹಳೆಯ ಬಿಬಿಸಿ ಮೈಕ್ರೋ ಮೇಲಿದ್ದ ಪ್ರೀತಿಯಿಂದಲೇ ಮಾಡೆಲ್ ಎ, ಮಾಡೆಲ್ ಬಿ ಅನ್ನುವ ಹೆಸರುಗಳು. ಎಚ್‌ಡಿಎಂಐ ಒಂದು, ಹಳೆಯ ಟಿವಿಗೆ ಹಳದಿ ಆರ್‌ಸಿಎ ಒಂದು. ಸೆಟಿಂಗ್ ಪುಟ, ಗುಂಡಿ, ಪ್ರೀಸೆಟ್ ಯಾವುದೂ ಇಲ್ಲ. ಎಸ್‌ಡಿ ಕಾರ್ಡಿನಲ್ಲಿ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಅನ್ನುವ ಒಂದು ಸಾದಾ ಫೈಲು. ಬೋರ್ಡ್ ಹತ್ತುವ ಮೊದಲೇ ಅದನ್ನು ಓದುತ್ತದೆ. ಕಾರ್ಡ್ ತೆಗೆದು ಯಾವ ಕಂಪ್ಯೂಟರಿಗೆ ಹಾಕಿದರೂ ಆ ಫೈಲ್ ತೆರೆಯುತ್ತದೆ. ಯಾರು ಯೋಚಿಸಿ ಮಾಡಿದರೋ, ಅವರಿಗೆ ನಾನು ಋಣಿ. ಪರದೆ ಕಪ್ಪಾಗಿರುವಾಗ ಪರದೆಯ ಮೇಲೆ ಬರುವ ಸೆಟಿಂಗಿನಿಂದ ಏನು ಪ್ರಯೋಜನ?

ಮುಂದೆ ಹೇಳುವ ಕಾನ್ಫಿಗ್ ಸಾಲುಗಳು 2021ರವರೆಗಿನ ಸಾಫ್ಟ್‌ವೇರಿನವು. ಹುಡುಗರ ಮೊದಲ ದೂರು, ಸುತ್ತಲ ಕಪ್ಪು ಅಂಚು. ಇದು ನಮ್ಮ ಹಳೆಯ ಓವರ್‌ಸ್ಕ್ಯಾನ್ ಒಪ್ಪಂದದ ಪಳೆಯುಳಿಕೆ. ಎದುರಿಗಿರುವುದು ಟಿವಿ, ಅಂಚು ನುಂಗಿಬಿಡುತ್ತದೆ ಅಂತ ಪೈ ತಾನೇ ಮುಂಜಾಗ್ರತೆಯಿಂದ ಚಿತ್ರವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎದುರಿಗಿರುವುದು ಏನನ್ನೂ ನುಂಗದ ಮಾನಿಟರ್ ಆದರೆ ಆ ಜಾಗ ಕಪ್ಪಾಗಿ ಉಳಿಯುತ್ತದೆ. ‘ಡಿಸೇಬಲ್ ಓವರ್‌ಸ್ಕ್ಯಾನ್’ ಅನ್ನುವ ಸಾಲಿಗೆ 1 ಹಾಕಿದರೆ ಅಂಚು ಹೋಯಿತು. ಟಿವಿಗೆ ಹಾಕಿ ಅಂಚಿನ ಅಕ್ಷರ ಕತ್ತರಿಸಿದರೆ ಮೊದಲು ಟಿವಿಯ ರಿಮೋಟಿನಲ್ಲೇ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತ ಇರುವುದನ್ನು ಹುಡುಕಬೇಕು. ಪೈನಲ್ಲಿ ಸರಿಮಾಡಲು ಹೋದರೆ ಅಕ್ಷರ ಮಂಜಾಗುತ್ತದೆ, ಯಾಕೆಂದರೆ ಒಂದು ಚುಕ್ಕೆಗೆ ಒಂದು ಚುಕ್ಕೆ ಕೂರುವುದು ತಪ್ಪಿಹೋಗುತ್ತದೆ.

ಇನ್ನೊಂದು ದೂರು, ಏನೂ ಬರದೆ ಇರುವುದು. ಮಾನಿಟರ್ ಆಮೇಲೆ ಹಾಕಿದ್ದರೆ ಪೈ ಎದುರಿಗೆ ಯಾರೂ ಇಲ್ಲ ಅಂದುಕೊಂಡು ಚಿತ್ರವನ್ನು ಹಳದಿ ಪಿನ್ನಿಗೆ ಕಳಿಸಿರುತ್ತದೆ. ‘ಎಚ್‌ಡಿಎಂಐ ಫೋರ್ಸ್ ಹಾಟ್‌ಪ್ಲಗ್’ ಒಂದು ಸಾಲು. ಜಾತಕ ಓದಲಾಗದೆ ಚಿತ್ರ ಅಳತೆಗೆ ಬರದಿದ್ದರೆ ಗ್ರೂಪು, ಮೋಡು ಅನ್ನುವ ಎರಡು ಸಾಲು. ಗ್ರೂಪ್ 1 ಅಂದರೆ ಟಿವಿಯ ಅಳತೆಗಳು, 2 ಅಂದರೆ ಮಾನಿಟರಿನವು. ಗ್ರೂಪ್ 2ರಲ್ಲಿ ಮೋಡ್ 16 ಅಂದರೆ 1024ಕ್ಕೆ 768, 35 ಅಂದರೆ 1280ಕ್ಕೆ 1024, 82 ಅಂದರೆ ಪೂರ್ತಿ ಎಚ್‌ಡಿ. ಆಫೀಸುಗಳು ಎಸೆದ ಹದಿನೇಳಿಂಚಿನ ಚೌಕ ಮಾನಿಟರುಗಳು ಗುಜರಿಯಲ್ಲಿ ದಂಡಿಯಾಗಿ ಸಿಗುತ್ತಿದ್ದುದರಿಂದ ನನ್ನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ 35 ಇನ್ನೂ ಇದೆ.

1366ಕ್ಕೆ 768ರ ಗಾಜಿನದೇ ಬೇರೆ ತರ್ಲೆ. ಕಂಪ್ಯೂಟರಿನವರ ಅಳತೆಗಳೆಲ್ಲ ಎಂಟರಿಂದ ಭಾಗವಾಗಬೇಕೆಂಬುದು ಹಳೆಯ ರೂಢಿ. 1366 ಎಂಟಕ್ಕೆ ಬಗ್ಗುವುದಿಲ್ಲ. ಇಡಿಐಡಿಯ ಚುಟುಕು ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಬರೆಯಲು ಜಾಗವೇ ಇಲ್ಲ. ಹಾಗಾಗಿ ಎಷ್ಟೋ ಕಡೆ ಪಕ್ಕದ 1360 ಸಿಗುತ್ತದೆ, ಆರು ಚುಕ್ಕೆ ಕಡಿಮೆ. ಗಾಜು ಆ ಆರನ್ನು ಎಳೆದು ತುಂಬಿಸಿಕೊಳ್ಳಲು ಹೋಗಿ ನಡುನಡುವೆ ಅಕ್ಷರ ಮಸುಕಾಗುತ್ತದೆ. ಕನ್ನಡ ಓದುವವರಿಗೆ ಕೂಡಲೇ ಗೊತ್ತಾಗುತ್ತದೆ, ಕೆಲವು ಒತ್ತು ಚೂಪು, ಕೆಲವು ಮೊಂಡು. ಮೋಡ್ 39 ತೆಗೆದು 81 ಹಾಕಿದರೆ ಮಾನಿಟರ್ ಒಪ್ಪಿದರೆ ಒಪ್ಪೀತು.

ಕೆಂಗೇರಿ ಉಪನಗರದ ಹುಡುಗನೊಬ್ಬ ಕಾರಿನ ರಿವರ್ಸ್ ಕ್ಯಾಮೆರಾದ ಪುಟ್ಟ ಮಾನಿಟರ್ ತಂದಿದ್ದ, ಪ್ರಾಜೆಕ್ಟಿಗೆ ಅದೇ ಸಾಕು ಅಂತ. ಹಳದಿ ಪಿನ್ನಿನದು. ಚಿತ್ರ ಉರುಳುತ್ತಿತ್ತು. ಕೆಳಗಿಂದ ಮೇಲಕ್ಕೆ, ಅದೇ ಹಳೆಯ ರೋಲಿಂಗ್. ಹುಡುಗ ಮಾನಿಟರ್ ಕೆಟ್ಟಿದೆ ಅಂತ ತೀರ್ಮಾನಿಸಿದ್ದ. ಪೈ ಹಳದಿ ಪಿನ್ನಿನಲ್ಲಿ ತಾನಾಗಿ ಕಳಿಸುವುದು ಅಮೆರಿಕದ ಎನ್‌ಟಿಎಸ್‌ಸಿ, 525 ಗೆರೆ. ಆ ಮಾನಿಟರಿಗೆ ಗೊತ್ತಿದ್ದದ್ದು ನಮ್ಮ ಪಾಲ್, 625. ‘ಎಸ್‌ಡಿಟಿವಿ ಮೋಡ್’ ಸಾಲಿಗೆ 2 ಹಾಕಿದೆ, ನಿಂತಿತು. ‘ಅಂಕಲ್, ಹೇಗೆ ಗೊತ್ತಾಯ್ತು?’ ಅಂದ. ಅವನಪ್ಪನಿಗೂ ಆಗ ಶಾಲೆಗೆ ಹೋಗುವ ವಯಸ್ಸಿರಬೇಕು, ನಾನು ರಾಜಾಜಿನಗರದಲ್ಲಿ ವಿ-ಹೋಲ್ಡ್ ತಿರುಗಿಸುತ್ತಿದ್ದಾಗ. 2014ರ ಬಿ ಪ್ಲಸ್‌ನಿಂದ ಈ ಹಳದಿ ಪಿನ್ನು ಹೋಗಿ ಹೆಡ್‌ಫೋನಿನ ತೂತಿನಲ್ಲೇ ಸೇರಿತು. ಅದಕ್ಕೆ ಹಳೆಯ ಕ್ಯಾಮ್‌ಕಾರ್ಡರ್ ಕೇಬಲ್ ಹಾಕಿದರೆ ಒಳಗಿನ ತಂತಿಗಳ ಸರದಿ ಬೇರೆಯಾಗಿದ್ದು ಹಳದಿಯಲ್ಲಿ ಏನೂ ಬರುವುದಿಲ್ಲ. ಕೆಂಪನ್ನು ಚುಚ್ಚಿ ನೋಡಿ, ಚಿತ್ರ ಅಲ್ಲಿರಬಹುದು.

ಏಳಿಂಚಿನ 1024ಕ್ಕೆ 600ರ ಚೀನಾ ಪರದೆ ಬಂದರೆ ಮೋಡ್ 87 ಇಟ್ಟು ಅಳತೆಯನ್ನು ನಾವೇ ಬರೆಯಬೇಕು. ಮೂರೂವರೆ ಇಂಚಿನ 480ಕ್ಕೆ 320ರದ್ದಾದರೆ ಕೈಮುಗಿದು ಹೇಳುತ್ತೇನೆ, ಇದರಲ್ಲಿ ಗಡಿಯಾರ ತೋರಿಸು, ಡೆಸ್ಕ್‌ಟಾಪ್ ತೋರಿಸಬೇಡ. ಓಕೆ ಬಟನ್ ಕೆಳಗೆ ಹೋಗಿದ್ದರೆ ಆಲ್ಟ್ ಒತ್ತಿಹಿಡಿದು ಕಿಟಕಿಯನ್ನೇ ಮೇಲಕ್ಕೆ ಎಳೆದರಾಯಿತು. ಮತ್ತೆ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ರೆಸಲ್ಯೂಷನ್ ಬಿಟ್ಟು ಮೊದಲು ಚಾರ್ಜರ್ ನೋಡಿ. ಐದು ವೋಲ್ಟು 4.63ಕ್ಕಿಂತ ಕೆಳಗಿಳಿದಿದೆ ಅಂತ ಅದರ ಅರ್ಥ. ಕೆಇಬಿ ಹೋಗಿ ಬೆಸ್ಕಾಂ ಬಂದರೂ ಲೋ ವೋಲ್ಟೇಜ್ ನಮ್ಮನ್ನು ಬಿಟ್ಟಿಲ್ಲ.

2019ರ ಪೈ 4ರಲ್ಲಿ ಎರಡು ಮೈಕ್ರೋ ಎಚ್‌ಡಿಎಂಐ. ಕೇಬಲ್ ಪವರ್ ಪಿನ್ನಿನ ಪಕ್ಕದ್ದಕ್ಕೆ ಹಾಕಬೇಕು ಅನ್ನುವುದೇ ಅರ್ಧ ರಿಪೇರಿ. ಆಮೇಲೆ 2021ರಿಂದ ಚಿತ್ರದ ಯಜಮಾನಿಕೆ ಬೋರ್ಡಿನ ಫರ್ಮ್‌ವೇರಿನಿಂದ ಲಿನಕ್ಸ್ ಕರ್ನೆಲಿಗೆ ಹೋಯಿತು. ಗ್ರೂಪು, ಮೋಡುಗಳ ಸಾಲು ಈಗ ಬರೆದರೂ ಕೇಳುವವರಿಲ್ಲ. ಸಿಎಂಡಿಲೈನ್ ಅನ್ನುವ ಇನ್ನೊಂದು ಫೈಲಿನಲ್ಲಿ, ಇರುವ ಒಂದೇ ಸಾಲಿನ ತುದಿಗೆ, ಎಂಟರ್ ಒತ್ತದೆ, ವಿಡಿಯೋ ಅಂತ ಶುರುಮಾಡಿ ಯಾವ ಪೋರ್ಟು, ಎಷ್ಟು ಅಳತೆ, ಸೆಕೆಂಡಿಗೆ ಎಷ್ಟು ಅಂತ ಬರೆಯಬೇಕು. 2023ರಲ್ಲಿ ಆ ಫೈಲುಗಳಿರುವ ಫೋಲ್ಡರೂ ಜರುಗಿತು. ಹತ್ತು ವರ್ಷ ಹಿಂದಿನ ಪರಿಹಾರ ಓದಿಕೊಂಡು ಬಂದ ಹುಡುಗರು, ಅಂಕಲ್, ಅದರಲ್ಲಿ ಹೇಳಿದಂತೆಯೇ 35 ಹಾಕಿದ್ದೀನಿ ಅಂತ ವಾದಿಸುತ್ತಾರೆ. ನನ್ನ ಮಟ್ಟಿಗೆ ಇದು ಟ್ಯೂಬು ಹೋಗಿ ಪ್ಯಾನೆಲ್ ಬಂದಷ್ಟೇ ದೊಡ್ಡ ಬದಲಾವಣೆ, ಹೊರಗಿನಿಂದ ಏನೂ ಕಾಣುವುದಿಲ್ಲ ಅನ್ನುವುದೊಂದು ಬಿಟ್ಟರೆ.

ಕಾಣದಿರುವುದರ ಕಷ್ಟ ದುಡ್ಡು ಕೇಳುವಾಗ ಗೊತ್ತಾಗುತ್ತದೆ. ಬಸವೇಶ್ವರನಗರದ ಒಂದು ದರ್ಶಿನಿಯಲ್ಲಿ ತಿಂಡಿಪಟ್ಟಿ ತೋರಿಸುವ ಟಿವಿಗೆ ಪೈ ಹಾಕಿದ್ದಾರೆ. ಮಸಾಲೆ ದೋಸೆಯ ಬೆಲೆ ಅಂಚಿನಾಚೆ ಹೋಗಿತ್ತು. ಹೋಗಿ ಒಂದು ಸಾಲು ಬರೆದು, ಆರಿಸಿ ಹಾಕಿದೆ, ಬೆಲೆ ಒಳಗೆ ಬಂತು. ‘ಏನು ಸಾರ್, ಒಂದು ಲೈನ್ ಟೈಪ್ ಮಾಡಿದ್ದಕ್ಕೆ ಇಷ್ಟಾ?’ ಅಂದರು ಮಾಲೀಕರು. ಮುಚ್ಚಳ ಬಿಚ್ಚಿದ ಕಾಲದಲ್ಲಿ ಪ್ರೀಸೆಟ್ ಎಷ್ಟು ತಿರುಗಿಸಿದೆ ಅಂತ ಯಾರೂ ಅಳೆದವರಲ್ಲ. ಅವತ್ತಿನಿಂದ ಬ್ಯಾಗಿನಲ್ಲಿ ಸ್ಕ್ರೂಡ್ರೈವರನ್ನೂ ಬ್ರಷ್ಷನ್ನೂ ಮತ್ತೆ ಇಟ್ಟುಕೊಂಡಿದ್ದೇನೆ. ಫೈಲ್ ಬದಲಿಸಿದ ಮೇಲೆ ಟಿವಿಯ ಹಿಂಬದಿ ಬಿಚ್ಚಿ ಧೂಳು ತೆಗೆದುಕೊಡುತ್ತೇನೆ. ಹೋಟೆಲ್ಲಿನ ಎಣ್ಣೆ ಹೊಗೆಗೆ ಅದು ಬೇಕೂ ಬೇಕು. ಆಮೇಲೆ ಬಿಲ್ಲಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ, ಕಾಫಿಯನ್ನೂ ಕೊಡುತ್ತಾರೆ.